ಮೂರೇ ಮೂರು ಸಾಮಾನಿನ ಒಪ್ಪಂದ

ವ್ಯಾಪಾರ ಒಪ್ಪಂದ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಸಾವಿರಾರು ಪುಟದ ಕಡತ, ಸೂಟು ತೊಟ್ಟು ಕೈಕುಲುಕುವ ಮಂತ್ರಿಗಳು, ಅವರ ಹಿಂದೆ ಸಾಲಾಗಿ ನಿಂತ ಬಾವುಟಗಳು. 1993ರ ಜುಲೈನಲ್ಲಿ ಪೆಸಿಫಿಕ್ ಸಾಗರದ ಮೂರು ದೇಶಗಳು ಒಂದು ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಂಡವು. ಸುಂಕ ಇಲ್ಲದೆ ಗಡಿ ದಾಟಬಹುದು ಅಂತ ಶುರುವಿನಲ್ಲಿ ಪಟ್ಟಿ ಮಾಡಿದ್ದು ಮೂರೇ ಮೂರು ಸಾಮಾನು. ಪಪುವಾ ನ್ಯೂಗಿನಿಯ ಟೀ. ಸಾಲೊಮನ್ ದ್ವೀಪಗಳ ಡಬ್ಬಿ ಮೀನು. ವನುವಾಟುವಿನ ದನದ ಮಾಂಸ. ದೇಶಕ್ಕೊಂದು. ನಮ್ಮಮ್ಮ ಸಂತೆಗೆ ಕಳಿಸುವಾಗ ಬರೆದುಕೊಡುತ್ತಿದ್ದ ಚೀಟಿ ಇದಕ್ಕಿಂತ ಉದ್ದ ಇರುತ್ತಿತ್ತು.

ಈ ಒಪ್ಪಂದ ನನ್ನ ಕಣ್ಣಿಗೆ ಬಿದ್ದದ್ದು ಕೆಲಸದ ಮಧ್ಯೆ. ಸರಕು ಸಾಗಣೆಯ ಒಂದು ಸಾಫ್ಟ್‌ವೇರ್‌ಗೆ ದೇಶದೇಶಗಳ ಸುಂಕದ ಕೋಷ್ಟಕ ತುಂಬಿಸುವ ಕೆಲಸ ನಮ್ಮ ಟೀಮಿಗೆ ಬಂದಿತ್ತು. ಜಗತ್ತಿನಲ್ಲಿ ಬಿಕರಿಯಾಗುವ ಪ್ರತಿಯೊಂದು ವಸ್ತುವಿಗೂ ಒಂದು ಎಚ್‌ಎಸ್ ಕೋಡ್ ಅಂತ ಇರುತ್ತೆ. ಟೀ 0902, ಕಾಳುಮೆಣಸು 0904, ಬಿಸ್ಕತ್ತು 1905. ಆ ಕೋಡಿನ ಪಕ್ಕದಲ್ಲಿ ಯಾವ ಒಪ್ಪಂದದ ಪ್ರಕಾರ ಎಷ್ಟು ರಿಯಾಯಿತಿ ಅನ್ನುವ ಕಾಲಮ್ಮು. ಅಲ್ಲೊಂದು ಕಡೆ ‘ಎಂಎಸ್‌ಜಿ’ ಅಂತ ಇತ್ತು. ಪಕ್ಕದ ಸೀಟಿನವನು ‘ಇದು ಗೋಬಿ ಮಂಚೂರಿಗೆ ಹಾಕೋದಲ್ವೇನೋ’ ಅಂದ. ಅಲ್ಲ. ಮೆಲನೇಶಿಯನ್ ಸ್ಪಿಯರ್‌ಹೆಡ್ ಗ್ರೂಪ್. ಸ್ಪಿಯರ್‌ಹೆಡ್ ಅಂದ್ರೆ ಈಟಿಯ ಮೊನೆ. ಟೀ, ಮೀನು, ಮಾಂಸದ ಒಪ್ಪಂದಕ್ಕೆ ಈಟಿಯ ಹೆಸರು ಯಾಕೆ ಅಂತ ಹುಡುಕಲು ಹೊರಟವನಿಗೆ ಆಮೇಲೆ ಬಿಡಲು ಆಗಲಿಲ್ಲ.

ಆಸ್ಟ್ರೇಲಿಯಾದ ನೆತ್ತಿಯ ಮೇಲೆ, ಬಲಕ್ಕೆ ಇಳಿಜಾರಾಗಿ ಚೆಲ್ಲಿದಂತಿರುವ ದ್ವೀಪಗಳ ಸಾಲು ಮೆಲನೇಶಿಯಾ. ಮೊದಲು ದೊಡ್ಡ ಪಪುವಾ ನ್ಯೂಗಿನಿ, ಅದರ ಆಚೆ ಸಾಲೊಮನ್ ದ್ವೀಪಗಳು, ಇನ್ನೂ ಕೆಳಗೆ ವನುವಾಟು, ಫ್ರಾನ್ಸಿನ ಹಿಡಿತದಲ್ಲಿರುವ ನ್ಯೂ ಕ್ಯಾಲೆಡೋನಿಯಾ, ಪೂರ್ವಕ್ಕೆ ಫಿಜಿ. ‘ಸಣ್ಣ ದೇಶ’ ಅಂದ್ರೆ ಎಷ್ಟು ಸಣ್ಣದು? 2009ರ ಜನಗಣತಿಯಲ್ಲಿ ವನುವಾಟುವಿನ ಜನಸಂಖ್ಯೆ 2,34,023. ನಮ್ಮ ಶಿವಮೊಗ್ಗ ನಗರದ್ದೇ 2011ರಲ್ಲಿ 3 ಲಕ್ಷ ದಾಟಿತ್ತು. ಅಂದ್ರೆ ಶಿವಮೊಗ್ಗಕ್ಕಿಂತ ಕಡಿಮೆ ಜನ, ಅದೂ ಎಂಬತ್ತಕ್ಕೂ ಹೆಚ್ಚು ದ್ವೀಪಗಳಲ್ಲಿ ಹಂಚಿಹೋಗಿ. ಅವರಿಗೊಂದು ಪಾರ್ಲಿಮೆಂಟು, ಒಂದು ನಾಣ್ಯ, ವಿಶ್ವಸಂಸ್ಥೆಯಲ್ಲಿ ಒಂದು ಕುರ್ಚಿ. ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈ ದ್ವೀಪದವರಿಗೆ ಪರಸ್ಪರ ವ್ಯಾಪಾರ ಹೊಸದೇನೂ ಅಲ್ಲ. ಇವತ್ತು ಪೋರ್ಟ್ ಮೊರೆಸ್ಬಿ ಇರುವ ಕರಾವಳಿಯ ಮೋಟು ಜನ ಪ್ರತಿವರ್ಷ ದೊಡ್ಡ ಹಾಯಿದೋಣಿಗಳಲ್ಲಿ ಮಣ್ಣಿನ ಮಡಕೆ ತುಂಬಿಕೊಂಡು ಪಶ್ಚಿಮಕ್ಕೆ ಹೋಗುತ್ತಿದ್ದರು, ಗಾಳಿ ತಿರುಗಿದಾಗ ಸಾಬೂದಾನದ ಹಿಟ್ಟು ತುಂಬಿಕೊಂಡು ವಾಪಸು ಬರುತ್ತಿದ್ದರು. ಈ ಯಾನಕ್ಕೆ ‘ಹಿರಿ’ ಅಂತ ಹೆಸರು. ಅದರ ಪೂರ್ವಕ್ಕೆ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ‘ಕುಲಾ’ ಇತ್ತು. ಕೆಂಪು ಚಿಪ್ಪಿನ ಹಾರಗಳು ದ್ವೀಪಗಳ ವೃತ್ತದಲ್ಲಿ ಒಂದು ದಿಕ್ಕಿಗೆ, ಬಿಳಿ ಚಿಪ್ಪಿನ ತೋಳುಬಳೆಗಳು ಇನ್ನೊಂದು ದಿಕ್ಕಿಗೆ ಕೈಯಿಂದ ಕೈಗೆ ಸಾಗುತ್ತಲೇ ಇರುತ್ತಿದ್ದವು. ಯಾರೂ ಅವನ್ನು ಇಟ್ಟುಕೊಳ್ಳುವ ಹಾಗಿಲ್ಲ. ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1922ರಲ್ಲಿ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಜನಕ್ಕೆ ನೆನಪಿರೋದು ಆ ಹಾರ-ಬಳೆಗಳ ಕಥೆ. ನನಗೆ ಹಿಡಿಸಿದ್ದು ಬೇರೆ. ಹಾರ-ಬಳೆ ಕೊಟ್ಟು ತಗೊಂಡು ಸಂಬಂಧ ಗಟ್ಟಿಯಾದ ಮೇಲೆ, ಅದೇ ದೋಣಿಯಲ್ಲಿ ತಂದ ಮಾಮೂಲಿ ಸಾಮಾನಿನ ಚೌಕಾಸಿ ಬೇರೆಯಾಗಿ ನಡೆಯುತ್ತಿತ್ತು. ಮೊದಲು ನೆಂಟಸ್ತಿಕೆ, ಆಮೇಲೆ ವ್ಯಾಪಾರ.

ಯುರೋಪಿನವರು ಬಂದು ಇದೆಲ್ಲವನ್ನೂ ಕತ್ತರಿಸಿ ಹಾಕಿದರು. ಫಿಜಿ, ಸಾಲೊಮನ್ ಬ್ರಿಟಿಷರಿಗೆ, ಪಪುವಾ ನ್ಯೂಗಿನಿ ಕೊನೆಗೆ ಆಸ್ಟ್ರೇಲಿಯಾಕ್ಕೆ. ವನುವಾಟುವಿನದು ಇನ್ನೂ ವಿಚಿತ್ರ. ಆಗ ನ್ಯೂ ಹೆಬ್ರಿಡೀಸ್ ಅಂತಿದ್ದ ಅದನ್ನು 1906ರಿಂದ ಬ್ರಿಟನ್ ಮತ್ತು ಫ್ರಾನ್ಸ್ ಇಬ್ಬರೂ ಸೇರಿ ಆಳಿದರು. ಒಂದೇ ಊರಲ್ಲಿ ಎರಡು ಪೊಲೀಸ್ ಪಡೆ, ಎರಡು ಜೈಲು, ಎರಡು ಬಗೆಯ ಶಾಲೆ. ಜಂಟಿ ಕೋರ್ಟಿನ ಮುಖ್ಯಸ್ಥನನ್ನು ನೇಮಿಸುವವನು ಸ್ಪೇನಿನ ರಾಜ! ಯಾವ ದ್ವೀಪದ ಹಡಗೂ ಪಕ್ಕದ ದ್ವೀಪಕ್ಕೆ ಮುಖ ಮಾಡಲಿಲ್ಲ. ಕೊಬ್ಬರಿ ಹೊರಟರೆ ಸಿಡ್ನಿಗೋ ಯುರೋಪಿಗೋ. ಅಕ್ಕಿ, ಹಿಟ್ಟು, ಸೀಮೆಎಣ್ಣೆ ಬಂದರೆ ಅಲ್ಲಿಂದಲೇ.

ಆದರೆ ಅದೇ ಕಾಲ ಇವರಿಗೆ ಒಂದು ಭಾಷೆ ಕೊಟ್ಟಿತು. 1863ರಿಂದ 1904ರ ನಡುವೆ ಸುಮಾರು 62,000 ದ್ವೀಪವಾಸಿಗಳನ್ನು, ಹೆಚ್ಚಿನವರನ್ನು ವನುವಾಟು ಮತ್ತು ಸಾಲೊಮನ್‌ನಿಂದ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಗದ್ದೆಗಳಿಗೆ ಸಾಗಿಸಲಾಯಿತು. ಕೆಲವರು ಕರಾರಿಗೆ ಹೆಬ್ಬೆಟ್ಟು ಒತ್ತಿ ಹೋದವರು, ಕೆಲವರು ಮೋಸಕ್ಕೆ ಸಿಕ್ಕವರು, ಕೆಲವರನ್ನು ಎಳೆದುಕೊಂಡೇ ಹೋದದ್ದು. ನೂರಾರು ತಾಯ್ನುಡಿಯ ಆ ಜನ ಕಬ್ಬಿನ ಗದ್ದೆಯಲ್ಲಿ ಇಂಗ್ಲಿಷಿನ ಪದಗಳನ್ನು ತಮ್ಮ ವ್ಯಾಕರಣಕ್ಕೆ ಪೋಣಿಸಿ ಒಂದು ಮಾತು ಕಟ್ಟಿಕೊಂಡರು. ಅದೇ ಇವತ್ತು ಪಪುವಾ ನ್ಯೂಗಿನಿಯಲ್ಲಿ ಟೋಕ್ ಪಿಸಿನ್, ಸಾಲೊಮನ್‌ನಲ್ಲಿ ಪಿಜಿನ್, ವನುವಾಟುವಿನಲ್ಲಿ ಬಿಸ್ಲಾಮಾ. ಧಾರವಾಡದವರೂ ಮೈಸೂರಿನವರೂ ಮಾತಾಡಿಕೊಂಡ ಹಾಗೆ ಮೂರು ದೇಶದವರೂ ಸುಧಾರಿಸಿಕೊಂಡು ಮಾತಾಡಬಹುದು. ಮೊದಲು ಸಹಿ ಹಾಕಿದ್ದೂ ಇದೇ ಮೂರು ದೇಶಗಳು. ಕಾಕತಾಳೀಯ ಅಂತ ನನಗನಿಸಲ್ಲ.

1980ರಲ್ಲಿ ವನುವಾಟು ಸ್ವತಂತ್ರ ಆಗುವ ಹೊತ್ತಿಗೆ ಎಸ್ಪಿರಿಟು ಸಾಂಟೊ ಎಂಬ ದ್ವೀಪದಲ್ಲಿ ಜಿಮ್ಮಿ ಸ್ಟೀವನ್ಸ್ ಎಂಬಾತ ನಾವು ಬೇರೆ ದೇಶ ಅಂತ ಘೋಷಿಸಿಬಿಟ್ಟ. ಬ್ರಿಟಿಷರೂ ಫ್ರೆಂಚರೂ ಸೈನಿಕರನ್ನು ಕಳಿಸಿದರೇ ಹೊರತು ದಂಗೆ ಅಡಗಿಸಲಿಲ್ಲ. ಹೊಸ ಪ್ರಧಾನಿ ವಾಲ್ಟರ್ ಲಿನಿ ಆಗ ಕರೆದದ್ದು ಪಪುವಾ ನ್ಯೂಗಿನಿಯ ಸೇನೆಯನ್ನು. ತಾನೇ ಐದು ವರ್ಷದ ಹಿಂದೆ ಸ್ವತಂತ್ರವಾಗಿದ್ದ ದೇಶ ಅದು. ಬಂದರು, ದಂಗೆ ಅಡಗಿಸಿದರು, ಹೋದರು. ಪತ್ರಿಕೆಯವರು ಇದನ್ನು ‘ತೆಂಗಿನಕಾಯಿ ಯುದ್ಧ’ ಅಂತ ತಮಾಷೆ ಮಾಡಿದರು. ದ್ವೀಪದವರಿಗೆ ಅದು ತಮಾಷೆ ಆಗಿರಲಿಲ್ಲ. ಕಷ್ಟಕಾಲಕ್ಕೆ ಹಳೆಯ ಯಜಮಾನರು ಆಗಲ್ಲ, ನೆರೆಯವನೇ ಆಗೋದು ಅನ್ನೋದು ಅಲ್ಲಿ ಖಾತ್ರಿಯಾಯಿತು.

1986ರಲ್ಲಿ ಪಪುವಾ ನ್ಯೂಗಿನಿಯ ಗೊರೋಕಾ ಎಂಬ ಬೆಟ್ಟದೂರಿನಲ್ಲಿ ಮೂರು ದೇಶದ ನಾಯಕರು ಕೂತು ಈ ಗುಂಪು ಕಟ್ಟಿದರು. ಈಟಿಯ ಮೊನೆ ಯಾರ ಕಡೆ ಅಂದ್ರೆ ಫ್ರಾನ್ಸಿನ ಕಡೆ. ಆಗ ನ್ಯೂ ಕ್ಯಾಲೆಡೋನಿಯಾದಲ್ಲಿ ಕನಾಕ್ ಜನರ ಸ್ವಾತಂತ್ರ್ಯ ಹೋರಾಟ ರಕ್ತ ಹರಿಸುವ ಮಟ್ಟಕ್ಕೆ ಹೋಗಿತ್ತು. ಅವರ ಬೆನ್ನಿಗೆ ನಿಲ್ಲುವುದು ಗುಂಪಿನ ಮೊದಲ ಉದ್ದೇಶ. ಆ ಹೋರಾಟದ ಸಂಘಟನೆ ಎಫ್‌ಎಲ್‌ಎನ್‌ಕೆಎಸ್ ಇವತ್ತಿಗೂ ಈ ಗುಂಪಿನ ಪೂರ್ಣ ಸದಸ್ಯ. ದೇಶಗಳ ಗುಂಪಿನಲ್ಲಿ ಇನ್ನೂ ದೇಶವಾಗದ ಒಂದು ಚಳವಳಿಗೆ ಸರಿಸಮ ಕುರ್ಚಿ! ವ್ಯಾಪಾರ ಎಂಬುದು ಏಳು ವರ್ಷದ ನಂತರ ಬಂದ ಯೋಚನೆ. ಕುಲಾದ ಕ್ರಮವೇ ಇದು ನೋಡಿ.

ಈಗ ಆ ಮೂರು ಸಾಮಾನಿಗೆ ಬರೋಣ. ಒಂದೊಂದರ ಹಿಂದೆಯೂ ಆ ದೇಶದ ಚರಿತ್ರೆ ಮುದುರಿಕೊಂಡಿದೆ. ವನುವಾಟುವಿನ ದನಗಳು ಮೊದಲು ಬಂದದ್ದು ಮಾಂಸಕ್ಕಲ್ಲ, ಫ್ರೆಂಚರ ತೆಂಗಿನ ತೋಟಗಳಲ್ಲಿ ಮರದ ಬುಡದ ಹುಲ್ಲು ಮೇಯೋದಕ್ಕೆ. ಹುಲ್ಲು ಕೊಯ್ಯಿಸುವ ಖರ್ಚು ಉಳಿಯಿತು, ಬಿದ್ದ ಕಾಯಿ ಸುಲಭವಾಗಿ ಕಣ್ಣಿಗೆ ಬೀಳುತ್ತಿತ್ತು. ಕೊಬ್ಬರಿ ದರ ಬಿದ್ದಾಗ ತೋಟಕ್ಕಿಂತ ದನವೇ ಆದಾಯ ಆಯಿತು. ಸಾಲೊಮನ್‌ನ ಡಬ್ಬಿ ಮೀನು ಜಪಾನಿನ ತೈಯೊ ಕಂಪನಿಯ ಜೊತೆ 1973ರಲ್ಲಿ ಶುರುವಾದ ಪಾಲುದಾರಿಕೆ. ಅಲ್ಲಿನವರು ಡಬ್ಬಿ ಮೀನಿಗೇ ‘ತೈಯೊ’ ಅನ್ನುವಷ್ಟು ಅದು ಮನೆಮಾತು, ನಾವು ವನಸ್ಪತಿಗೆಲ್ಲ ಡಾಲ್ಡಾ ಅಂದ ಹಾಗೆ. ಪಪುವಾ ನ್ಯೂಗಿನಿಯ ಟೀ ಒಳನಾಡಿನ ವಾಗಿ ಕಣಿವೆಯ ತೋಟಗಳದ್ದು.

ಈ ಪಟ್ಟಿ ನೋಡಿ ನಗೋದು ಸುಲಭ. ನನಗೆ ಮಾತ್ರ ಇದರಷ್ಟು ಪ್ರಾಮಾಣಿಕ ಒಪ್ಪಂದ ಇನ್ನೊಂದಿಲ್ಲ ಅನಿಸುತ್ತೆ. ಯಾಕಂದ್ರೆ ನೆರೆಹೊರೆಯ ಸಣ್ಣ ದ್ವೀಪಗಳ ನಿಜವಾದ ಸಮಸ್ಯೆ ಸುಂಕ ಅಲ್ಲ. ಎಲ್ಲರ ಹಿತ್ತಲಲ್ಲೂ ಅದೇ ತೆಂಗು, ಅದೇ ಕೋಕೋ, ಅದೇ ಸಮುದ್ರದ ಅದೇ ಮೀನು, ಅದೇ ಗೆಡ್ಡೆ. ಒಂದೇ ಕೇರಿಯಲ್ಲಿ ಎಲ್ಲರೂ ಸೌತೆಕಾಯಿ ಬೆಳೆದರೆ ಯಾರು ಯಾರಿಗೆ ಮಾರೋದು? ಹಾಗಾಗಿ ಒಬ್ಬರಲ್ಲಿ ಇದ್ದು ಇನ್ನೊಬ್ಬರಲ್ಲಿ ಅಷ್ಟಾಗಿ ಇಲ್ಲದ್ದನ್ನು ಹುಡುಕಿ ಹುಡುಕಿ, ದೇಶಕ್ಕೊಂದರಂತೆ ಮೇಜಿನ ಮೇಲಿಟ್ಟರು. ನೀನು ಟೀ ತಾ, ಅವನು ಮೀನು ತರ್ತಾನೆ, ನಾನು ಮಾಂಸ ತರ್ತೀನಿ. ಯಾರಿಗೂ ನಷ್ಟವಿಲ್ಲ. ಲಾಭವೂ ಅಷ್ಟಕ್ಕಷ್ಟೆ ಅನ್ನಿ.

ಆಮೇಲೆ ಫಿಜಿ ಬಂತು. 1996ರಲ್ಲಿ ಗುಂಪಿಗೆ, 1998ರಲ್ಲಿ ವ್ಯಾಪಾರ ಒಪ್ಪಂದಕ್ಕೆ.

ಫಿಜಿ ಉಳಿದವರ ಹಾಗಲ್ಲ. ಬ್ರಿಟಿಷರಿಗೆ ಪಶ್ಚಿಮ ಪೆಸಿಫಿಕ್ಕಿನ ಆಡಳಿತ ಕೇಂದ್ರ ದಶಕಗಟ್ಟಲೆ ಸುವಾ ಆಗಿತ್ತು. ಬಂದರು, ಬ್ಯಾಂಕು, ವಿದ್ಯುತ್ತು ಮೊದಲು ಬಂದದ್ದು ಅಲ್ಲಿಗೆ. ಜೊತೆಗೆ 1879ರಿಂದ 1916ರವರೆಗೆ ಭಾರತದಿಂದ 60,000ಕ್ಕೂ ಹೆಚ್ಚು ಕೂಲಿಗಳನ್ನು ಐದು ವರ್ಷದ ಗಿರ್ಮಿಟ್ ಕರಾರಿನ ಮೇಲೆ ಕಬ್ಬಿನ ಗದ್ದೆಗೆ ಒಯ್ದರು. ಮೊದಲು ಕಲ್ಕತ್ತೆಯಿಂದ, 1903ರಿಂದ ಮದರಾಸಿನಿಂದಲೂ. ಅವರ ಹಿಂದೆಯೇ ಸ್ವಂತ ಖರ್ಚಿನಲ್ಲಿ ಗುಜರಾತಿನ ವ್ಯಾಪಾರಿಗಳು ಹೋದರು. ಅಂಗಡಿ ಬೆಳೆದು ಗೋದಾಮಾಯಿತು, ಗೋದಾಮು ಬೆಳೆದು ಗಿರಣಿಯಾಯಿತು. ಇವತ್ತು ಪೆಸಿಫಿಕ್ಕಿನ ಯಾವ ದ್ವೀಪದ ಅಂಗಡಿಗೆ ಹೋದರೂ ಫಿಜಿಯ ಬಿಸ್ಕತ್ತು ಸಿಗುತ್ತೆ, ಅದರಲ್ಲಿ ಗುಜರಾತಿ ಮೂಲದ ಪುಂಜಾ ಮನೆತನದ ಹೆಸರು ದೊಡ್ಡದು.

ಬಿಸ್ಕತ್ತು ಅಂದ್ರೆ ಇಲ್ಲಿ ಕ್ರೀಮ್ ಬಿಸ್ಕತ್ತಲ್ಲ. ಚಪ್ಪಟೆ, ಗಟ್ಟಿ, ಸಪ್ಪೆ. ಹಳೆಯ ಹಾಯಿಹಡಗುಗಳಲ್ಲಿ ತಿಂಗಳುಗಟ್ಟಲೆ ಕೆಡದಂತೆ ಇಟ್ಟುಕೊಳ್ಳುತ್ತಿದ್ದ ಬಿಸ್ಕತ್ತಿನ ವಂಶ ಅದು. ಟೀಯಲ್ಲಿ ಅದ್ದಿ ಬೆಳಗಿನ ತಿಂಡಿಯಾಗಿ ತಿನ್ನೋದು. ಫ್ರಿಜ್ಜು ಬೇಡ, ಬೇಯಿಸೋದು ಬೇಡ. ಚಂಡಮಾರುತ ಬಂದು ತೋಟ ನೆಲಸಮ ಆದಾಗ ಪರಿಹಾರದ ದೋಣಿಯಲ್ಲಿ ಅಕ್ಕಿಯ ಜೊತೆ ಬರೋದೂ ಇದೇ. ಮಜಾ ಏನು ಗೊತ್ತಾ? ಈ ದ್ವೀಪಗಳಲ್ಲಿ ಒಂದು ತೆನೆ ಗೋಧಿಯೂ ಬೆಳೆಯಲ್ಲ. ಗೋಧಿ ಹಡಗಿನಲ್ಲಿ ಬರಬೇಕು, ಸುವಾದಲ್ಲಿ ಹಿಟ್ಟಾಗಬೇಕು, ಬಿಸ್ಕತ್ತಾಗಬೇಕು. ಆಗ ಅದು ‘ಫಿಜಿಯ ಬಿಸ್ಕತ್ತು’, ಸುಂಕದಿಂದ ಮುಕ್ತ. ಯಾವ ವಸ್ತು ಯಾವ ದೇಶದ್ದು ಅಂತ ತೀರ್ಮಾನಿಸುವ ಈ ನಿಯಮವೇ ಎಲ್ಲ ಒಪ್ಪಂದಗಳ ಜೀವಾಳ. ಕೊಡಗು-ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಿಯೆಟ್ನಾಮಿನ ಕಾಳುಮೆಣಸು ಶ್ರೀಲಂಕಾದ ಚೀಟಿ ಅಂಟಿಸಿಕೊಂಡು ಬರುತ್ತಿದೆ ಅಂತ ನಮ್ಮ ಬೆಳೆಗಾರರು ಬೊಬ್ಬೆ ಹೊಡೆದದ್ದು, 2017ರ ಕೊನೆಗೆ ಸರ್ಕಾರ ಕಿಲೋಗೆ 500 ರೂಪಾಯಿಗಿಂತ ಕಡಿಮೆ ದರದ ಆಮದು ಕೂಡದು ಅಂದದ್ದು ಇದೇ ತಕರಾರಿಗೆ.

ಫಿಜಿ ಸೇರಿದ ಮೇಲೆ ಪಟ್ಟಿ ಮೂರರಿಂದ ಹಿಗ್ಗುತ್ತಾ ಹೋಗಿ, 2005ರ ಹೊತ್ತಿಗೆ 180 ಸಾಮಾನಾಯಿತು. ಕಾಗದದ ಮೇಲೆ ಎಲ್ಲರಿಗೂ ಎಲ್ಲ ಬಾಗಿಲೂ ತೆರೆದ ಹಾಗೆ. ಆದರೆ ಬಾಗಿಲು ತೆರೆದಿದ್ದರೆ ಸಾಲದು, ಹೊತ್ತು ತರಲು ಕೈಯಲ್ಲಿ ಸಾಮಾನಿರಬೇಕಲ್ಲ. ಕಾರ್ಖಾನೆಗಳು ಇದ್ದದ್ದು ಹೆಚ್ಚಾಗಿ ಫಿಜಿಯಲ್ಲಿ, ಸ್ವಲ್ಪ ಮಟ್ಟಿಗೆ ಪಪುವಾ ನ್ಯೂಗಿನಿಯಲ್ಲಿ. ಸರಕು ಹೆಚ್ಚಾಗಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯಿತು.

ವನುವಾಟುವಿನಲ್ಲೂ ಒಬ್ಬರು ಬಿಸ್ಕತ್ತು ತಯಾರಿಸುತ್ತಿದ್ದರು. ಅರ್ಥಶಾಸ್ತ್ರದ ಪುಸ್ತಕ ಇಂಥಲ್ಲಿ ಏನು ಹೇಳುತ್ತೆ ಅಂತ ಬಿಇ ಓದಿದ ನನಗೂ ಗೊತ್ತು. ಕಡಿಮೆ ಖರ್ಚಿನಲ್ಲಿ ಮಾಡುವವನು ಬಿಸ್ಕತ್ತು ಮಾಡಲಿ, ನೀನು ಇನ್ನೊಂದು ಮಾಡು. ನೂರು ಕಾರ್ಖಾನೆ ಇರುವ ದೇಶಕ್ಕೆ ಈ ಮಾತು ಸರಿ. ಎರಡು ಲಕ್ಷ ಚಿಲ್ಲರೆ ಜನರ ದೇಶದಲ್ಲಿ ‘ಬಿಸ್ಕತ್ತು ಉದ್ಯಮ’ ಅಂದ್ರೆ ಒಂದು ಕಟ್ಟಡ. ಅದಕ್ಕೆ ಬೀಗ ಬಿದ್ದರೆ ಆ ಉದ್ಯಮವೇ ದೇಶದಿಂದ ಹೋದ ಹಾಗೆ. ಅಲ್ಲಿ ಓವನ್ ನೋಡಿಕೊಳ್ಳುತ್ತಿದ್ದವನು ಪಕ್ಕದ ಫ್ಯಾಕ್ಟರಿಗೆ ಸೇರಲು ಪಕ್ಕದ ಫ್ಯಾಕ್ಟರಿ ಅಂತ ಇಲ್ಲ. ನಾವು ಒಂದು ಕಂಪನಿಯಲ್ಲಿ ಪೇಪರ್ ಹಾಕಿ ಅದೇ ರಿಂಗ್ ರೋಡಿನ ಇನ್ನೊಂದು ಕಂಪನಿಗೆ ಸೇರುವವರು, ಇದನ್ನು ಊಹಿಸಿಕೊಳ್ಳೋದೇ ಕಷ್ಟ.

2005ರಲ್ಲಿ ವನುವಾಟು ಫಿಜಿಯ ಬಿಸ್ಕತ್ತನ್ನು ನಿಷೇಧಿಸಿತು. ಸ್ಥಳೀಯ ತಯಾರಕರನ್ನು ಉಳಿಸಿಕೊಳ್ಳಬೇಕು ಅಂತ ಕಾರಣ. ಫಿಜಿಗೆ ಸಿಟ್ಟು ಬಂತು. ತಿರುಗಿಸಿ ಹೊಡೆಯಲು ಅದು ಆರಿಸಿಕೊಂಡದ್ದು ಕಾವಾ.

ಕಾವಾದ ಬಗ್ಗೆ ಸ್ವಲ್ಪ ಹೇಳಲೇಬೇಕು. ಅದೊಂದು ಗಿಡದ ಬೇರು. ಕುಟ್ಟಿ ನೀರಲ್ಲಿ ಹಿಂಡಿದರೆ ಕೆಸರಿನ ಬಣ್ಣದ ಪಾನೀಯ. ಕುಡಿದರೆ ನಾಲಿಗೆ ಮರಗಟ್ಟುತ್ತೆ, ಮೈ ಹಗುರಾಗುತ್ತೆ. ಹೆಂಡದಂತೆ ಜಗಳಕ್ಕೆ ಎಳೆಯಲ್ಲ, ಸುಮ್ಮನೆ ಕೂರಿಸುತ್ತೆ. ನಮ್ಮ ಮನೆಯ ಅಡಿಕೆ ಮರಕ್ಕೆ ಹಬ್ಬಿರುವ ಮೆಣಸಿನ ಬಳ್ಳಿ, ತಾಂಬೂಲದ ವೀಳ್ಯದೆಲೆ, ಈ ಕಾವಾ ಮೂರೂ ಪೈಪರ್ ಎಂಬ ಒಂದೇ ಕುಲದವು, ದಾಯಾದಿಗಳು. ಹಾಗೆ ನೋಡಿದರೆ ಪಪುವಾ ನ್ಯೂಗಿನಿ, ಸಾಲೊಮನ್‌ನವರು ಅಡಿಕೆಯನ್ನೂ ಸುಣ್ಣ ಹಚ್ಚಿಕೊಂಡು ಜಗಿಯುತ್ತಾರೆ. ಅಲ್ಲಿನ ಸಂತೆಯ ಫೋಟೊ ನೋಡಿದಾಗ ನನಗೆ ತೀರ್ಥಹಳ್ಳಿ ಕಡೆಯ ಯಾವುದೋ ಜಾತ್ರೆಯ ನೆನಪಾಯಿತು.

ಫಿಜಿಯಲ್ಲಿ ಕಾವಾ ಇಲ್ಲದೆ ಒಂದು ಸಭೆ ನಡೆಯಲ್ಲ, ಮದುವೆ ಮುಗಿಯಲ್ಲ. ಹಳ್ಳಿಗೆ ಹೋದ ಅತಿಥಿ ಮುಖ್ಯಸ್ಥನ ಮುಂದೆ ಕಾವಾ ಬೇರಿನ ಕಟ್ಟು ಇಟ್ಟೇ ಒಳಗೆ ಕಾಲಿಡಬೇಕು. ಭಾರತ ಮೂಲದವರೂ ಸಂಜೆ ಬಟ್ಟಲ ಸುತ್ತ ಕೂತು ಇದನ್ನೇ ಕುಡಿಯುತ್ತಾರೆ. ಆದರೆ ಗಿಡದ ಮೂಲ ವನುವಾಟು ಅನ್ನೋದು ಸಸ್ಯಶಾಸ್ತ್ರಜ್ಞರ ಅಭಿಪ್ರಾಯ. ಕಾವಾ ಬೀಜ ಕಟ್ಟಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು. ಅಂದ್ರೆ ಸಾವಿರಾರು ವರ್ಷದ ಹಿಂದೆ ಯಾರೋ ಅದರ ಹಸಿ ಕಡ್ಡಿಗಳನ್ನು ದೋಣಿಯಲ್ಲಿ ಜೋಪಾನವಾಗಿ ಇಟ್ಟುಕೊಂಡು, ನೂರಾರು ಕಿಲೋಮೀಟರ್ ಸಮುದ್ರ ದಾಟಿ, ಫಿಜಿಗೆ ಮುಟ್ಟಿಸಿದ್ದಾರೆ. ಆ ಕಡ್ಡಿಗೆ ಸುಂಕ ಕೇಳಿದವರಿಲ್ಲ. 2005ರಲ್ಲಿ ಅದೇ ಬೇರಿಗೆ ಅದೇ ದಾರಿ ಮುಚ್ಚಿತು.

ಫಿಜಿಯ ಏಟು ಸರಿಯಾದ ಜಾಗಕ್ಕೇ ಬಿತ್ತು. ಅದಕ್ಕೆ ಮೂರು ವರ್ಷ ಮುಂಚೆಯಷ್ಟೇ, ಕಾವಾ ಮಾತ್ರೆಯಿಂದ ಯಕೃತ್ತು ಕೆಡುತ್ತೆ ಎಂಬ ಅನುಮಾನದಲ್ಲಿ ಜರ್ಮನಿ ನಿಷೇಧ ಹೇರಿತ್ತು, ಯುರೋಪಿನ ಬೇರೆ ದೇಶಗಳೂ ಅದೇ ದಾರಿ ಹಿಡಿದಿದ್ದವು. (ಜರ್ಮನಿಯ ಕೋರ್ಟು ಆ ನಿಷೇಧ ಸರಿಯಲ್ಲ ಅಂದದ್ದು 2014ರಲ್ಲಿ. ಅಷ್ಟು ಹೊತ್ತಿಗೆ ಹನ್ನೆರಡು ವರ್ಷ ಕಳೆದಿತ್ತು.) ವನುವಾಟುವಿಗೆ ಉಳಿದಿದ್ದ ದೊಡ್ಡ ಗಿರಾಕಿಗಳೇ ನ್ಯೂ ಕ್ಯಾಲೆಡೋನಿಯಾ ಮತ್ತು ಫಿಜಿ. ಕಾವಾ ಬೆಳೆಯೋದು ಪೆಂಟೆಕೋಸ್ಟ್‌ನಂಥ ದೂರದ ದ್ವೀಪಗಳ ಗುಡ್ಡಗಳಲ್ಲಿ, ಕುಟುಂಬಕ್ಕಿಷ್ಟು ಅಂತ ಪುಟ್ಟ ಪುಟ್ಟ ತೋಟಗಳಲ್ಲಿ. ಬೇರು ಬಲಿಯಲು ಮೂರರಿಂದ ಐದು ವರ್ಷ ಬೇಕು. ಮಕ್ಕಳ ಶಾಲೆಯ ಫೀಸು, ಸೀಮೆಎಣ್ಣೆ, ಸಾಬೂನು ಎಲ್ಲ ಅದರಿಂದಲೇ ಬರಬೇಕು.

ಈ ಜಗಳವನ್ನು ಅಲ್ಲಿನ ಪತ್ರಿಕೆಗಳು ‘ಬಿಸ್ಕತ್ತು ಯುದ್ಧ’ ಅಂದವು, ಓದುವವರು ನಕ್ಕರು. ನನಗೆ ಇದರಲ್ಲಿ ಯಾರ ಪರ ವಹಿಸಬೇಕು ಅಂತ ಬಹಳ ದಿನ ತಲೆ ಕೆಟ್ಟಿತ್ತು. ಇರುವ ಒಂದು ಕಾರ್ಖಾನೆ ಉಳಿಸಿಕೊಳ್ಳಲು ಹೊರಟ ವನುವಾಟು ಸರ್ಕಾರವನ್ನು ಬೈಯಲು ಮನಸ್ಸು ಬರಲ್ಲ. ಸಹಿ ಹಾಕಿದ ಒಪ್ಪಂದ ಒಪ್ಪಂದವೇ ಅಂದ ಫಿಜಿಯದ್ದೂ ತಪ್ಪಿಲ್ಲ. ಆದರೆ ಪಟ್ಟಣದ ಬಿಸ್ಕತ್ತಿನ ರಕ್ಷಣೆಗೆ ಬೆಲೆ ತೆತ್ತವನು ಯಾರು? ಎರಡು ದೋಣಿ ಬದಲಿಸಿ ಬೇರಿನ ಮೂಟೆ ಬಂದರಿಗೆ ತಂದು ಹಾಕುವ ಗುಡ್ಡದ ರೈತ. ಮಾತುಕತೆಯ ಮೇಜಿನಲ್ಲಿ ಕಾರ್ಖಾನೆಯ ಮಾಲೀಕರಿಗೆ ಪರಿಚಯದವರಿರುತ್ತಾರೆ, ಅವನಿಗೆ ಯಾರೂ ಇರಲ್ಲ. ಅಡಿಕೆ, ಮೆಣಸಿನ ದರ ದೆಹಲಿಯ ಒಂದು ಸುತ್ತೋಲೆಗೆ ಏರಿಳಿಯೋದನ್ನು ನೋಡಿಕೊಂಡು ಬೆಳೆದವನು ನಾನು. ಮೂಟೆ ಹೊಲಿದು ಇಟ್ಟ ಮೇಲೆ ‘ಈ ವಾರ ಕೊಳ್ಳೋರಿಲ್ಲ’ ಅನ್ನುವ ಮಾತು ಹೇಗೆ ಕೇಳಿಸುತ್ತೆ ಅಂತ ನನಗೆ ಗೊತ್ತು. ಕೇಳಿದರೆ ನಾನು ಆ ರೈತನ ಪರ.

ಎರಡೂ ಸರ್ಕಾರ ಮಾತಾಡಿಕೊಂಡು ನಿಷೇಧಗಳನ್ನು ಸಡಿಲಿಸಿದವು, ಕಾವಾ ಮತ್ತೆ ಹಡಗು ಹತ್ತಿತು. ಜಗಳ ಮಾತ್ರ ಒಂದಕ್ಕೇ ನಿಲ್ಲಲಿಲ್ಲ. ಪಪುವಾ ನ್ಯೂಗಿನಿಯ ‘ಆಕ್ಸ್ ಅಂಡ್ ಪಾಮ್’ ಎಂಬ ಡಬ್ಬಿ ದನದ ಮಾಂಸವನ್ನು ಫಿಜಿ ಒಳಗೆ ಬಿಡಲಿಲ್ಲ. ರೋಗ ತಡೆಯ ನಿಯಮ ಅಂತ ಅವರು, ಇದು ನೆಪ ಅಂತ ಇವರು. ಸುಂಕ ತೆಗೆದುಹಾಕಿದ ಮೇಲೆ ಎಲ್ಲ ದೇಶಗಳೂ ಕೊನೆಗೆ ಕೈಹಾಕೋದು ಕ್ವಾರಂಟೈನಿಗೇ.

ಇದರ ಜೊತೆ ಯಾರೂ ಜೋರಾಗಿ ಆಡದ ಇನ್ನೊಂದು ವಿಷಯ ಇದೆ. ವನುವಾಟುವಿನಲ್ಲಿ ಆದಾಯ ತೆರಿಗೆ ಇಲ್ಲ. ಬಂದರಿನಲ್ಲಿ ವಸೂಲಾಗುವ ಆಮದು ಸುಂಕವೇ ಬಹುಕಾಲ ಖಜಾನೆಯ ಬೆನ್ನೆಲುಬಾಗಿತ್ತು. ಮುಕ್ತ ವ್ಯಾಪಾರ ಅಂದ್ರೆ ಅಲ್ಲಿ ಮೇಷ್ಟ್ರ ಸಂಬಳಕ್ಕೆ, ಆಸ್ಪತ್ರೆಯ ಔಷಧಕ್ಕೆ ಕತ್ತರಿ. ಅದಕ್ಕೇ 1998ರಲ್ಲಿ 12.5% ವ್ಯಾಟ್ ತಂದರು. ಬಂದರಿನಲ್ಲಿ ವ್ಯಾಪಾರಿ ಕಟ್ಟುತ್ತಿದ್ದದ್ದರ ಒಂದು ಪಾಲನ್ನು ಅಂಗಡಿಯಲ್ಲಿ ಗಿರಾಕಿ ಕಟ್ಟುವಂತಾಯಿತು. ವಿಶ್ವ ವ್ಯಾಪಾರ ಸಂಸ್ಥೆ 2001ರಲ್ಲಿ ‘ಬನ್ನಿ, ಎಲ್ಲ ಸಿದ್ಧವಾಗಿದೆ’ ಅಂದಾಗ ಇದೇ ವನುವಾಟು ಬಾಗಿಲವರೆಗೆ ಹೋಗಿ ವಾಪಸು ಬಂದಿತ್ತು. ಒಳಗೆ ಹೋದದ್ದು 2012ರಲ್ಲಿ. ಅಂಥ ಸಣ್ಣ ದೇಶ ಹನ್ನೊಂದು ವರ್ಷ ‘ತಡೀರಿ, ಯೋಚನೆ ಮಾಡ್ತೀವಿ’ ಅಂದದ್ದು ನನಗೆ ಧೈರ್ಯದ ಕೆಲಸವಾಗಿಯೇ ಕಾಣುತ್ತೆ.

ಗುಂಪಿನ ಕಚೇರಿ ಈಗ ಪೋರ್ಟ್ ವಿಲಾದಲ್ಲಿದೆ, ಕಟ್ಟಡ ಕಟ್ಟಿಸಿಕೊಟ್ಟದ್ದು ಚೀನಾ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಸೇರಿ ‘ಪೇಸರ್ ಪ್ಲಸ್’ ಎಂಬ ದೊಡ್ಡ ಒಪ್ಪಂದಕ್ಕೆ ದ್ವೀಪಗಳನ್ನೆಲ್ಲ ಕರೆದವು. 2017ರಲ್ಲಿ ಟೊಂಗಾದಲ್ಲಿ ಸಹಿ, 2020ರ ಡಿಸೆಂಬರಿನಿಂದ ಜಾರಿ. ಸಾಲೊಮನ್, ವನುವಾಟು ಸಹಿ ಹಾಕಿದವು. ದ್ವೀಪಗಳಲ್ಲೇ ದೊಡ್ಡವು ಅನಿಸಿಕೊಂಡ ಪಪುವಾ ನ್ಯೂಗಿನಿ ಮತ್ತು ಫಿಜಿ ಹೊರಗೇ ಉಳಿದವು. ಸಿಡ್ನಿಯ ಸಾಮಾನು ಸುಂಕವಿಲ್ಲದೆ ಒಳಬಂದರೆ ತಮ್ಮ ಕಾರ್ಖಾನೆಗಳ ಗತಿ ಏನು ಅನ್ನುವ ಚಿಂತೆ ಈ ಸಲ ಅವರದ್ದಾಗಿತ್ತು. ಹತ್ತು-ಹನ್ನೆರಡು ವರ್ಷದ ಹಿಂದೆ ಬಿಸ್ಕತ್ತಿನ ವಿಷಯದಲ್ಲಿ ವನುವಾಟು ಫಿಜಿಗೆ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ.

ಮೂರು ಸಾಮಾನಿನ ಪೈಕಿ ಚೆನ್ನಾಗಿ ನಡೆದದ್ದು ಮೀನು. 2000ದಲ್ಲಿ ಸಾಲೊಮನ್‌ನಲ್ಲಿ ಜನಾಂಗೀಯ ಗಲಭೆ ಜೋರಾದಾಗ ಜಪಾನಿ ಕಂಪನಿ ಬಿಟ್ಟುಹೋಯಿತು. ನೋರೊ ಎಂಬ ಊರಿನ ಕಾರ್ಖಾನೆ ಕುಂಟುತ್ತಾ, ಹೆಸರು ಬದಲಿಸುತ್ತಾ ಉಳಿದುಕೊಂಡಿತು. ಈಗ ಅದರ ಒಡೆತನದಲ್ಲಿ ದೊಡ್ಡ ಪಾಲು ಇಟಲಿಯ ಗುಂಪೊಂದರದ್ದು, ಬೇಯಿಸಿದ ಟ್ಯೂನಾದ ತುಂಡುಗಳು ಯುರೋಪಿಗೆ ಹೋಗುತ್ತವೆ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಊರಿನ ಅಂಗಡಿಗಳಿಗೆ ಮಾತ್ರ ಈಗಲೂ ಡಬ್ಬಿಯಲ್ಲೇ ಬರುತ್ತೆ. ಮೆಣಸಿನಕಾಯಿ ಹಾಕಿದ್ದು ಒಂದು ಬಗೆ, ಹಾಕದ್ದು ಒಂದು ಬಗೆ. ಕಂಪನಿಯ ಹೆಸರು ಏನೇ ಇರಲಿ, ಅನ್ನಕ್ಕೆ ಕಲಸಿಕೊಳ್ಳುವಾಗ ಜನ ಅದಕ್ಕೆ ‘ತೈಯೊ’ ಅಂತಲೇ ಅನ್ನೋದು.